ಸೊಪ್ಪು ಮುಗಿಯುವಲ್ಲಿಂದ ಮೇಲೆ

ಕಂಚಿಬೈಲಿನ ದುಗ್ಗಮ್ಮ ಮದುವೆಯಾಗಿ ಬಂದ ವರ್ಷದಿಂದಲೂ ಕರಿಬರೆ ಗುಡ್ಡ ಹತ್ತಿ ಇಳಿದವಳು. ಆದರೂ ಐವತ್ತೆಂಟು ತುಂಬುವವರೆಗೆ ಅದರ ತುದಿ ಹೇಗಿದೆ ಎನ್ನುವುದು ಆಕೆಗೆ ಗೊತ್ತಿರಲಿಲ್ಲ. ಆ ಗುಡ್ಡದ ಮುಕ್ಕಾಲು ಪಾಲು ಕಾಡು, ಮೇಲಿನದು ಬರೀ ಹುಲ್ಲು. ಹೆಂಗಸರು ಗುಡ್ಡಕ್ಕೆ ಹೋಗುತ್ತಿದ್ದುದು ಸೊಪ್ಪಿಗೆ. ಸೊಪ್ಪು ಸಿಗುವುದು ಕಾಡಿನಲ್ಲಿ. ಹಾಗಾಗಿ ಮರ ಮುಗಿಯುವಲ್ಲಿಗೆ ಅವರ ಗುಡ್ಡವೂ ಮುಗಿಯುತ್ತಿತ್ತು.

ಕಂಚಿಬೈಲು ಹೊಸನಗರ ತಾಲೂಕಿನಲ್ಲಿ, ನಿಟ್ಟೂರಿನಿಂದ ಒಳಗೆ ಹೋಗುವ ರಸ್ತೆಯ ಕೊನೆಯ ಊರು. ದುಗ್ಗಮ್ಮನ ತವರು ಸಾಗರ ತಾಲೂಕಿನಲ್ಲಿ, ಲಿಂಗನಮಕ್ಕಿ ಅಣೆಕಟ್ಟಿನ ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ. ಲಾಂಚಿನಲ್ಲಿ ನೀರು ದಾಟಿ, ಬಸ್ಸು ಬದಲಿಸಿ ಬಂದ ಮದುಮಗಳ ಕೈಗೆ ಅತ್ತೆ ಆ ವಾರವೇ ಒಂದು ಕತ್ತಿ, ಒಂದು ಸಿಂಬೆ ಕೊಟ್ಟಳು. ಹೊರೆಯ ಕೆಳಗೆ ತಲೆಗಿಟ್ಟುಕೊಳ್ಳುವ ಆ ಬಟ್ಟೆಯ ಸುರುಳಿಯನ್ನು ಅತ್ತೆ ತನ್ನ ಹಳೆಯ ಸೀರೆಯಿಂದ ಸುತ್ತಿದ್ದಳು. "ಮೆತ್ತಗೆ ಮಾಡೀನಿ, ನೋಡು. ನಂಗೆ ಕೊಟ್ಟಿದ್ದು ಕಲ್ಲಿನ ಹಂಗಿತ್ತು," ಎಂದಿದ್ದಳು. ಆ ಮನೆಯಲ್ಲಿ ದುಗ್ಗಮ್ಮನಿಗೆ ಸಿಕ್ಕ ಮೊದಲ ಉಡುಗೊರೆ ಅದು, ಮತ್ತು ಅದನ್ನು ಕೊಟ್ಟವಳು ಪ್ರೀತಿಯಿಂದಲೇ ಕೊಟ್ಟಿದ್ದಳು.

ಗೇಣಿಯ ಗದ್ದೆ ಸ್ವಂತದ್ದಾಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಹಕ್ಕುಪತ್ರ ಮಾವನ ಹೆಸರಿಗೆ ಬಂದಿತ್ತು. ಆ ಗದ್ದೆಗೆ ಬೇಕಾದ ಗೊಬ್ಬರ ಹೆಂಗಸರ ತಲೆಯ ಮೇಲೆ ಬರುತ್ತಿತ್ತು. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸಲು ಹಸಿ ಸೊಪ್ಪು, ಬೇಸಗೆಯಲ್ಲಿ ಉದುರಿದ ಒಣ ಎಲೆ, ನಡುನಡುವೆ ಸೌದೆ, ಹುಲ್ಲು. ಬೆಳಿಗ್ಗೆ ಗಂಜಿ ಬೇಯಿಸಿಟ್ಟು ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯಲೇಬೇಕು. ಆ ಊಟವನ್ನೂ ಅವರೇ ಬೇಯಿಸಬೇಕಿತ್ತಲ್ಲ. ಅರ್ಧ ದಾರಿಯಲ್ಲಿ ಎದೆಮಟ್ಟದ ಒಂದು ಕಲ್ಲುಹಾಸು ಇದೆ. ಅಲ್ಲಿ ಹೊರೆಯನ್ನು ಯಾರ ಸಹಾಯವಿಲ್ಲದೆ ಇಳಿಸಬಹುದು, ಮತ್ತೆ ಎತ್ತಿಕೊಳ್ಳಬಹುದು. ತಲೆಮಾರುಗಳ ಹೊರೆ ಉಜ್ಜಿ ಉಜ್ಜಿ ಆ ಕಲ್ಲು ನುಣ್ಣಗಾಗಿದೆ.

ಹಾಗೆಂದು ಅದು ಬರೀ ಕಷ್ಟವಾಗಿತ್ತು ಎಂದರೆ ದುಗ್ಗಮ್ಮ ಒಪ್ಪುವುದಿಲ್ಲ. ಅತ್ತೆಯಂದಿರ ಕಿವಿಗೂ ಗಂಡಸರ ಕಣ್ಣಿಗೂ ಬೀಳದ ಜಾಗ ಊರಿನಲ್ಲಿ ಅದೊಂದೇ ಇತ್ತು. ನೆಲ್ಲಿಕಾಯಿ ಕಚ್ಚಿ ಒರತೆಯ ನೀರು ಕುಡಿದು ಬಾಯೆಲ್ಲ ಸಿಹಿ ಮಾಡಿಕೊಳ್ಳುತ್ತಿದ್ದರು. ಯಾರ ಗಂಡ ಹೇಗೆ ಗೊರಕೆ ಹೊಡೆಯುತ್ತಾನೆ ಎಂದು ಮಾಡಿ ತೋರಿಸುತ್ತಿದ್ದರು. ದುಗ್ಗಮ್ಮ ಮಾಡುತ್ತಿದ್ದ ತನ್ನ ಗಂಡ ಮಾಸ್ತಪ್ಪನ ಗೊರಕೆಗೆ ಊರಿನಲ್ಲಿ ಹೆಸರೇ ಇತ್ತು, ಮಾಸ್ತಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಕೆಲಸ ಕಡಿಮೆಯಾಯಿತು. ಗ್ಯಾಸ್ ಬಂತು. ದನಗಳು ಎರಡಕ್ಕೆ ಇಳಿದವು. ಕೊಟ್ಟಿಗೆಗೆ ಸಿಮೆಂಟು ಹಾಕಿಸಿ ರಬ್ಬರ್ ಮ್ಯಾಟ್ ಹಾಸಿದರು. ಗದ್ದೆಗೆ ಮೂಟೆಯ ಗೊಬ್ಬರ ಬಂತು. "ಇನ್ನು ನಿಂಗೆ ಆರಾಮು," ಎಂದ ಮಾಸ್ತಪ್ಪ. ಹೊರೆ ಇಳಿದದ್ದು ನಿಜ. ಆದರೆ ಹೊರೆಯ ಜೊತೆಗೆ ಗುಡ್ಡವೂ ಕೈತಪ್ಪಿತು. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಕತ್ತಿ ಹಿಡಿದು ಹೊರಟ ಹೆಂಗಸನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬರಿಗೈಯಲ್ಲಿ ಹೊರಟರೆ ಊರೆಲ್ಲ ಕೇಳುತ್ತದೆ. ಹೀಗೆ ಮೂರು ವರ್ಷ ದುಗ್ಗಮ್ಮ ಗುಡ್ಡವನ್ನು ಅಂಗಳದಿಂದ ನೋಡಿದಳು.

ಹೋದ ದೀಪಾವಳಿಯ ಮರುವಾರ ನಾಲ್ಕು ಜನ ಹೆಂಗಸರು ಆ ಅಂಗಳಕ್ಕೆ ಬಂದು ಕುಡಿಯಲು ನೀರು ಕೇಳಿದರು. ತೀರ್ಥಹಳ್ಳಿಯವರು. ಬೆನ್ನಿಗೆ ಚೀಲ, ಕಾಲಿಗೆ ಶೂ, ಬಟ್ಟೆಗೆಲ್ಲ ಹುಲ್ಲಿನ ಮುಳ್ಳು. ಅವರಲ್ಲಿ ಹಿರಿಯಳು ತನ್ನ ಹೆಸರು ಯಶಸ್ವಿನಿ, ಬ್ಯಾಂಕಿನಲ್ಲಿ ಕೆಲಸ ಎಂದಳು.

"ಕೊಡಚಾದ್ರಿಗೆ ಅಂತ ಹೊರಟಿದ್ವಿ ಅಮ್ಮ. ಜೀಪಿನ ಸಾಲು, ಜನ ನೋಡಿ ಸಾಕಾಯ್ತು. ವಾಪಸ್ ಬರ್ತಾ ಈ ಗುಡ್ಡ ಖಾಲಿ ಕಾಣ್ತು. ಆಚೆ ಕಡೆಯಿಂದ ಹತ್ತಿ ಈ ಕಡೆ ಇಳಿದ್ವಿ."

"ಎಂತಕ್ಕೆ ಹತ್ತಿದ್ರಿ?"

"ಎಂತಕ್ಕೂ ಇಲ್ಲ. ಸುಮ್ನೆ." ಯಶಸ್ವಿನಿ ನೀರು ಕುಡಿದು ಚೊಂಬು ಕೊಡುತ್ತ ಕೇಳಿದಳು, "ನೀವಾದ್ರೆ ಎಷ್ಟು ಸಲ ನೋಡಿದೀರೋ. ತುದೀಲಿ ನಿಂತ್ರೆ ದೂರದಲ್ಲಿ ನೀರು ಕಾಣ್ತದಲ್ಲ, ಅದು ಲಿಂಗನಮಕ್ಕಿದೇ ಅಲ್ವಾ?"

ದುಗ್ಗಮ್ಮ ಚೊಂಬು ಹಿಡಿದು ನಿಂತಳು. "ನಂಗೊತ್ತಿಲ್ಲ. ನಾನು ಸೊಪ್ಪಿರೋ ತನ್ಕ ಹೋಗಿದ್ದು. ಮೇಲೆ ಹೋಗಿಲ್ಲ."

ಅವರು ಹೊರಟು ಹೋದ ಮೇಲೂ ಆ ಮಾತು ಆಕೆಯನ್ನು ಬಿಡಲಿಲ್ಲ. ತಲೆಯ ನಡುವಿನ ಕೂದಲು ಸವೆಯುವಷ್ಟು ಸಲ ಆ ಗುಡ್ಡ ಹತ್ತಿದವಳಿಗೆ, ಒಂದೇ ಸಲ ಬಂದು ಹೋದವರ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟಳು.

"ನಾನು ಕರಿಬರೆ ತುದಿಗೆ ಹೋಗ್ಬೇಕು."

ಮಾಸ್ತಪ್ಪ ಕೈಯ ತುತ್ತನ್ನು ಅಲ್ಲೇ ನಿಲ್ಲಿಸಿದ. "ಅಲ್ಲೆಂತ ಇದೆ?"

"ಎಂತದೂ ಇಲ್ದೆ ಇರ್ಬಹುದು. ನೋಡ್ಬೇಕು."

"ಎಂತದೂ ಇಲ್ಲದ್ದನ್ನ ನೋಡಕ್ಕೆ ಹೋಗಿ ಕಾಲು ನೋಯಿಸ್ಕಂಬದಾ? ಇಷ್ಟು ವರ್ಷಕ್ಕೆ ನಾನೇ ಹೋಗಿಲ್ಲ."

"ನೀವು ಬರ್ಲಿ ಅಂತ ಗುಡ್ಡ ಕಾಯ್ತಾ ಕೂತಿದ್ಯಾ?"

ಮಗ ರಾಜೇಂದ್ರನಿಗೆ ನಗು ಬಂತು. ಅವನದು ಜೀಪು, ನಿಟ್ಟೂರಿನಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸಿ ಇಳಿಸುವುದೇ ಅವನ ದುಡಿಮೆ. "ಅವ್ವ, ಅದೆಂತಕ್ಕೆ ಆ ಬೋಳು ಗುಡ್ಡ? ನಾನು ಕೊಡಚಾದ್ರಿಗೇ ಕರ್ಕಂಡ್ ಹೋಗ್ತೀನಿ. ಮುಂದಿನ ಸೀಟು ನಿಂದೇ."

"ಹೋದ್ವರ್ಷ ಕರ್ಕಂಡ್ ಹೋಗಿದ್ಯಲ್ಲ ಮಗಾ. ಅವತ್ತು ಗುಡ್ಡ ಹತ್ತಿದ್ದು ನಿನ್ ಜೀಪು. ನಾನು ಹತ್ತಿದ್ದು ಜೀಪಿಗೆ."

ಮಾಸ್ತಪ್ಪ ತಾನೇ ಒಂದು ದಾರಿ ಹುಡುಕಿ ಕೊಡುವವನಂತೆ ಹೇಳಿದ, "ಹಂಗಾರೆ ಹೋಗು. ಹೆಂಗೂ ಹೋಗ್ತೀಯಲ್ಲ, ಬರ್ತಾ ಒಂದು ಹೊರೆ ಹಿಡಿಕಡ್ಡಿ ತಗಂಡ್ ಬಾ. ಪೊರಕೆ ಸವೆದು ಬುಡ ಕಾಣ್ತಿದೆ."

ಹಿಡಿಕಡ್ಡಿ ಎಂದರೆ ಕಾಡಿನ ಅಂಚಿನಲ್ಲಿ ಬೆಳೆಯುವ, ಪೊರಕೆ ಕಟ್ಟುವ ಹುಲ್ಲು.

"ತರದಿಲ್ಲ," ಎಂದಳು ದುಗ್ಗಮ್ಮ. "ಕತ್ತಿನೇ ತಗಂಡ್ ಹೋಗದಿಲ್ಲ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರ್ತೀನಿ."

ಬಡಿಸುತ್ತಿದ್ದ ಸೊಸೆ ಲಿಖಿತಾ ಮೆಲ್ಲಗೆ, "ನೀವು ಹೋಗ್ಬನ್ನಿ ಅತ್ತೆ. ಮನೆ ನಾ ನೋಡ್ಕಂತೀನಿ," ಎಂದಳು.

ದುಗ್ಗಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಲಿಖಿತಾ ಕಾರ್ಗಲ್ಲಿನ ಹುಡುಗಿ, ಅಪ್ಪನಿಗೆ ವಿದ್ಯುತ್ ಯೋಜನೆಯಲ್ಲಿ ಕೆಲಸವಿದ್ದುದರಿಂದ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಬೆಳಿಗ್ಗೆ ಎದ್ದು ಹಾಲು ಕರೆದು, ತಿಂಡಿ ಮಾಡಿ, ಮಗಳನ್ನು ಶಾಲೆಗೆ ಕಳಿಸಿ, ಉಳಿದ ಹೊತ್ತಿನಲ್ಲಿ ಊರಿನವರ ರವಿಕೆ ಹೊಲಿಯುತ್ತಾಳೆ. ಹಿಂದೆ ದುಗ್ಗಮ್ಮ ಬಾಣಂತನಕ್ಕೆ ತವರಿಗೆ ಹೋದಾಗ ಅವಳ ಅತ್ತೆ ದಿನಕ್ಕೆರಡು ಹೊರೆ ಹೊತ್ತಿದ್ದಳು. ಅತ್ತೆ ಸೊಂಟ ಹಿಡಿದು ಮಲಗಿದಾಗ ಆ ಎರಡು ಹೊರೆ ದುಗ್ಗಮ್ಮನ ತಲೆಗೆ ಬಂದಿತ್ತು. ಆ ಮನೆಯಲ್ಲಿ ಒಬ್ಬಳ ರಜೆ ಎಂದರೆ ಇನ್ನೊಬ್ಬಳ ಎರಡು ಪಾಳಿ. ಗಂಡಸರಿಗೆ ಮಾತ್ರ ಅದರ ಬಿಸಿ ಎಂದೂ ತಟ್ಟಿರಲಿಲ್ಲ.

"ನೀನೂ ಬಾ," ಎಂದಳು.

"ಇಬ್ರೂ ಹೋದ್ರೆ ಮನೇಲಿ ಯಾರು?" ಎಂದ ಮಾಸ್ತಪ್ಪ.

"ನೀವಿದೀರಲ್ಲ."

ಡಿಸೆಂಬರಿನ ಒಂದು ಭಾನುವಾರ ಅತ್ತೆ ಸೊಸೆ ಹೊರಟರು. ಮೊಮ್ಮಗಳು ಕಾರ್ಗಲ್ಲಿನ ಅಜ್ಜಿಯ ಮನೆಯಲ್ಲಿದ್ದಳು. ರಾಜೇಂದ್ರ ನಸುಕಿನಲ್ಲೇ ಜೀಪು ತೆಗೆದುಕೊಂಡು ಹೋಗಿದ್ದ. ಬೆಳಗಿನ ಹಾಲು ಮಾತ್ರ ಕರೆದೇ ಹೊರಟರು, ರಜೆ ಎಂದರೆ ಹಸುವಿಗೆ ಅರ್ಥವಾಗುವುದಿಲ್ಲ. ಅಡುಗೆ ಮಾಡಿಡಲಿಲ್ಲ. ಲಿಖಿತಾ ನಾಲ್ಕು ಗಂಟೆಗೇ ಎದ್ದು ಎರಡು ಹೊತ್ತಿನದು ಮಾಡಿಡಲು ಹೊರಟಿದ್ದಳು. ದುಗ್ಗಮ್ಮ ಬೇಡ ಎಂದಿದ್ದಳು. ಹಾಗೆ ಮಾಡಿಟ್ಟು ಹೋದರೆ ಅದು ರಜೆಯಲ್ಲ, ಹಗಲಿನ ಕೆಲಸವನ್ನು ರಾತ್ರಿಗೆ ಎಳೆದುಕೊಂಡದ್ದು. ಚೀಲದಲ್ಲಿ ಹಿಂದಿನ ದಿನ ನಿಟ್ಟೂರಿನ ಬೇಕರಿಯಿಂದ ತಂದ ಬನ್ನು, ಬಾಳೆಹಣ್ಣು, ಒಂದು ಬಾಟಲಿ ನೀರು ಇದ್ದವು.

ಮಾಸ್ತಪ್ಪ ಬಾಗಿಲಲ್ಲಿ ನಿಂತು ಕೇಳಿದ, "ಅಕ್ಕಿ ಎಲ್ಲಿರದು?"

"ಡಬ್ಬದಲ್ಲಿ."

"ಡಬ್ಬ ಎಲ್ಲಿರದು?"

"ನೀವೇ ಪ್ರತಿ ವರ್ಷ ಅದಕ್ಕೆ ಪೂಜೆ ಮಾಡ್ತೀರಲ್ಲ ಹೊಸ ಅಕ್ಕಿ ತುಂಬಿಸ್ವಾಗ, ಅಲ್ಲೇ," ಎಂದು ದುಗ್ಗಮ್ಮ ಮೆಟ್ಟಿಲಿಳಿದಳು.

ಗದ್ದೆಯ ಕೊನೆಯ ಕಾಲುಸಂಕದ ಹತ್ತಿರ ಜಟ್ಟಪ್ಪ ಎದುರಾದ. ದೂರದ ಸಂಬಂಧದಲ್ಲಿ ದುಗ್ಗಮ್ಮನಿಗೆ ಭಾವನಾಗಬೇಕು.

"ಎಲ್ಲಿಗೆ ಅತ್ತೆ ಸೊಸೆ ಜೋಡಿ?"

"ಹಿಡಿಕಡ್ಡಿಗೆ ಭಾವ," ಎಂದುಬಿಟ್ಟಳು ದುಗ್ಗಮ್ಮ.

"ಕತ್ತಿ ಇಲ್ದೆ?"

"ಕೈಯಲ್ಲೇ ಕಿತ್ರೆ ಬರ್ತದೆ."

ಜಟ್ಟಪ್ಪ ತಲೆಯಾಡಿಸಿ ಹೋದ. ಲಿಖಿತಾ ನಾಲ್ಕು ಹೆಜ್ಜೆ ನಡೆದು, "ಯಾಕತ್ತೆ ಸುಳ್ಳು ಹೇಳಿದ್ರಿ?" ಎಂದಳು.

"ಹೇಳ್ಬೇಕು ಅಂತ ಹೇಳ್ಲಿಲ್ಲ ಮಾರಾಯ್ತಿ. ಬಾಯಿಗೆ ಅದೇ ಬಂತು." ದುಗ್ಗಮ್ಮನಿಗೆ ಗುಡ್ಡದ ಬುಡದಲ್ಲೇ ಸೋತಂತಾಯಿತು.

ಕಾಡಿನೊಳಗೆ ಹೋದ ಮೇಲೆ ಸರಿಹೋಯಿತು. ಮೂರು ವರ್ಷದಲ್ಲಿ ದಾರಿ ಅಲ್ಲಲ್ಲಿ ಮುಚ್ಚಿತ್ತು, ಕಾಲು ಮಾತ್ರ ಮರೆತಿರಲಿಲ್ಲ. ಎಲ್ಲಿ ಬೇರು ಹಿಡಿಯಬೇಕು, ಎಲ್ಲಿ ಬದಿಗೆ ಸರಿಯಬೇಕು ಎನ್ನುವುದು ಯೋಚಿಸುವ ಮೊದಲೇ ಆಗುತ್ತಿತ್ತು. ಕುತ್ತಿಗೆಗೆ ಮಾತ್ರ ಈ ನಡಿಗೆ ತಿಳಿಯಲಿಲ್ಲ. ಏನನ್ನೋ ಮರೆತು ಬಂದವಳಂತೆ ದುಗ್ಗಮ್ಮ ಎರಡು ಸಲ ತಲೆ ಮುಟ್ಟಿ ನೋಡಿಕೊಂಡಳು. ಕಲ್ಲುಹಾಸು ಬಂದಾಗ ತಾನಾಗಿಯೇ ನಿಂತಳು. ಇಳಿಸಲು ಏನೂ ಇರಲಿಲ್ಲ. ಕಲ್ಲನ್ನು ಸವರಿ ಮುಂದೆ ನಡೆದಳು.

ಲಿಖಿತಾ ದಣಿದಿದ್ದಳು, ಆದರೂ ಮಾತು ನಿಲ್ಲಿಸಿರಲಿಲ್ಲ. "ನಮ್ಮ ಕಾರ್ಗಲ್ ಕಡೆ ಇದನ್ನ ಟ್ರೆಕ್ಕಿಂಗ್ ಅಂತಾರೆ ಅತ್ತೆ. ಯಾರಾದ್ರೂ ಕೇಳಿದ್ರೆ ಹಂಗೇ ಅನ್ನಿ. ಇಂಗ್ಲಿಷಲ್ಲಿ ಅಂದ್ರೆ ಯಾರೂ ಎದುರು ಮಾತಾಡದಿಲ್ಲ."

"ಜಟ್ಟಪ್ಪ ಭಾವನಿಗೆ ಟ್ರೆಕ್ಕಿಂಗ್ ಅಂದ್ರೆ ಯಾವ್ದೋ ಜಾತಿ ಹುಲ್ಲು ಅನ್ಕಂತಿದ್ದ."

ಅಷ್ಟರಲ್ಲಿ ಲಿಖಿತಾಳ ಫೋನು ಕೂಗಿತು. ಎತ್ತರಕ್ಕೆ ಬಂದದ್ದರಿಂದ ಸಿಗ್ನಲ್ ಸಿಕ್ಕಿತ್ತು. ಆಚೆ ಕಡೆ ಮಾಸ್ತಪ್ಪ.

"ಕುಕ್ಕರ್ ಎಷ್ಟು ಸಲ ಕೂಗ್ಬೇಕು?"

"ಮೂರು ಸಲ ಮಾವ."

"ಅದು ಒಂದ್ಸಲನೂ ಕೂಗ್ತಿಲ್ಲ."

"ವಿಷಲ್ ಹಾಕಿದೀರಾ?"

"ಆ ಕಪ್ಪು ಗುಂಡಿನಾ?" ಎಂದು ಕೇಳಿ ಮಾಸ್ತಪ್ಪ ಫೋನ್ ಇಟ್ಟ. ಇಬ್ಬರೂ ಮರಕ್ಕೆ ಒರಗಿ ನಕ್ಕರು.

ಮರಗಳು ತೆಳುವಾಗುವಲ್ಲಿ ಹಿಡಿಕಡ್ಡಿ ತೆನೆ ಬಿಟ್ಟು ನಿಂತಿತ್ತು. ಅಷ್ಟು ಒಳ್ಳೆಯ ಹಿಡಿಕಡ್ಡಿಯನ್ನು ದುಗ್ಗಮ್ಮ ಈಚೆಗೆ ನೋಡಿರಲಿಲ್ಲ. ಮೂರು ವರ್ಷ ಯಾರೂ ಕುಯ್ಯದೆ ಉದ್ದಕ್ಕೆ ಬೆಳೆದಿತ್ತು. ಒಂದು ಎಳೆ ಎಳೆದಳು, ಸಲೀಸಾಗಿ ಬಂತು. ಜಟ್ಟಪ್ಪನಿಗೆ ಹೇಳಿದ ಮಾತು ನೆನಪಾಯಿತು. ಒಂದು ಹಿಡಿಯಾದರೂ ಇದ್ದರೆ ಅದು ಸುಳ್ಳಾಗುವುದಿಲ್ಲವಲ್ಲ ಎಂದುಕೊಂಡಳು. ಹಿಡಿ ಎರಡಾಯಿತು, ಹತ್ತಾಯಿತು. ಲಿಖಿತಾಳಿಗೆ ತನ್ನ ಮದುವೆಯ ಕಥೆ ಹೇಳುತ್ತಿದ್ದಳು. ಲಾಂಚಿನಲ್ಲಿ ದಿಬ್ಬಣದ ಜೊತೆ ಯಾರದೋ ಎಮ್ಮೆಯೂ ಹತ್ತಿತ್ತು, ಅದು ಮದುಮಗನ ಪಂಚೆಯನ್ನು ನೆಕ್ಕಿತ್ತು ಎಂದು. ಬಾಯಿ ಕಥೆ ಹೇಳುತ್ತಿತ್ತು, ಕೈ ಕೀಳುತ್ತಿತ್ತು. ಕೈಯೇ ಒಂದು ಬಳ್ಳಿ ಹುಡುಕಿ ಹೊರೆ ಕಟ್ಟಿತು. ಸೆರಗನ್ನು ಸಿಂಬೆಯಾಗಿ ಸುತ್ತಿ ಹೊರೆಯನ್ನು ತಲೆಗೇರಿಸಿಕೊಂಡಳು. ಕುತ್ತಿಗೆಗೆ 'ಹಾಂ, ಇದು' ಎನಿಸಿತು. ಕಥೆ ಮುಂದುವರಿಯಿತು, ಲಿಖಿತಾ ನಗುತ್ತ ಹಿಂದೆ ಬಂದಳು.

ಕಥೆಯಲ್ಲಿ ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಲಿಖಿತಾ ಕೇಳಿದಳು, "ಅತ್ತೆ, ಈ ಕಲ್ಲು ಆಗ್ಲೇ ದಾಟಿದ್ವಲ್ಲ?"

ದುಗ್ಗಮ್ಮ ನಿಂತಳು. ಎದುರಿಗೆ ಅದೇ ಕಲ್ಲುಹಾಸು. ಅವರು ಅಷ್ಟು ಹೊತ್ತಿನಿಂದ ಇಳಿಯುತ್ತಿದ್ದರು.

ತಲೆಗೆ ಹೊರೆ ಬಿದ್ದ ತಕ್ಷಣ ಕಾಲು ಮನೆಯ ಕಡೆ ತಿರುಗಿತ್ತು. ಅಷ್ಟು ವರ್ಷ ಅದಕ್ಕೆ ಕಲಿಸಿದ್ದು ಅದನ್ನೇ. ದುಗ್ಗಮ್ಮ ಹೊರೆಯನ್ನು ಕಲ್ಲಿನ ಮೇಲೆ ಇಳಿಸಿ ಅಲ್ಲೇ ಕುಸಿದು ಕುಳಿತು ನಗತೊಡಗಿದಳು. ನಗು ನಿಂತಾಗ ಕಣ್ಣಲ್ಲಿ ನೀರಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಎಡ ಮಂಡಿ ನೋಯುತ್ತಿತ್ತು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಹೀಗೇ ಇಳಿದು ಹೋದರೆ ಯಾರೂ ಏನೂ ಕೇಳುವುದಿಲ್ಲ. ಹೊರೆ ಇದೆ, ಜಟ್ಟಪ್ಪನಿಗೆ ಹೇಳಿದ್ದು ನಿಜವಾಗಿದೆ, ಮಾಸ್ತಪ್ಪನ ಪೊರಕೆಗೂ ಆಯಿತು. ಹೆಂಗಸೊಬ್ಬಳು ಗುಡ್ಡಕ್ಕೆ ಹೋಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇನ್ನೇನು ಬೇಕು.

"ಸುಸ್ತಾಗಿದ್ರೆ ಇನ್ನೊಂದಿನ ಬರಣ ಅತ್ತೆ," ಎಂದಳು ಲಿಖಿತಾ. ಅವಳ ಮುಖವೂ ಬಿಸಿಲಿಗೆ ಕೆಂಪಾಗಿತ್ತು.

"ಇನ್ನೊಂದಿನ ಬಂದ್ರೂ ಇದೇ ಕೈ, ಇದೇ ಕಾಲು. ಅವತ್ತೂ ಎಂತದಾದ್ರೂ ಹೊತ್ಕಂಡು ಇಳೀತೀನಿ." ದುಗ್ಗಮ್ಮ ಮಂಡಿ ಹಿಡಿದು ಎದ್ದಳು. "ನಡಿ. ಇದು ಇಲ್ಲೇ ಇರ್ಲಿ."

ಈ ಸಲ ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದಳು, ಊರಿನ ಗಂಡಸರು ಗದ್ದೆ ನೋಡಲು ಹೋಗುತ್ತಾರಲ್ಲ, ಹಾಗೆ. ನೆಲ್ಲಿಯ ಮರದ ಕೆಳಗೆ ಕಾಯಿ ಚೆಲ್ಲಿದ್ದವು. ಬಗ್ಗಲಿಲ್ಲ. ಒಣಗಿದ ಒಳ್ಳೆಯ ಸೌದೆ ದಾರಿಗೆ ಅಡ್ಡ ಬಿದ್ದಿತ್ತು. ದಾಟಿದಳು. ಹಿಡಿಕಡ್ಡಿಯ ಹತ್ತಿರ ಬಂದಾಗ ಲಿಖಿತಾ ತಮಾಷೆಗೆ ಅವಳ ಕೈಗಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು. "ಪೊಲೀಸ್ ಕರ್ಕಂಡ್ ಹೋಗ್ತಿದಾರೆ ಅಂತ ಅನ್ಕಂಡ್ ಬನ್ನಿ," ಎಂದಳು.

ಮರಗಳು ಮುಗಿದಲ್ಲಿ ದಾರಿಯೂ ನಿಂತಿತು. ದುಗ್ಗಮ್ಮ ಅಲ್ಲಿಯವರೆಗೆ ಆ ದಾರಿ ಯಾರು ಮಾಡಿದ್ದು ಎಂದು ಯೋಚಿಸಿರಲಿಲ್ಲ. ಈಗ ಅದರ ತುದಿ ಕಂಡಾಗ ತಿಳಿಯಿತು. ಅದನ್ನು ಮಾಡಿದ್ದು ತಾವೇ, ಕಂಚಿಬೈಲಿನ ಹೆಂಗಸರ ಕಾಲುಗಳೇ. ಅವರು ಎಲ್ಲಿ ತಿರುಗಿ ಹೋದರೋ ಅಲ್ಲಿಗೆ ದಾರಿ ನಿಂತಿದೆ. ಮುಂದೆ ಸೊಂಟದೆತ್ತರದ ಹೊಂಬಣ್ಣದ ಹುಲ್ಲು, ಅದರ ಮೇಲೆ ಆಕಾಶ.

"ಎಲ್ಲಿಂದ ಹೋಗದು ಅತ್ತೆ?"

"ಎಲ್ಲಿಂದಾದ್ರೂ. ಕೇಳಕ್ಕೆ ಯಾರಿದಾರೆ?"

ಹುಲ್ಲು ಸೀಳಿಕೊಂಡು ದುಗ್ಗಮ್ಮ ಮುಂದೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡಳು. ಒಂದು ಕಡೆ ಕಾಲು ಜಾರಿ ಅಂಗೈ ತರಚಿತು. ಮೇಲಿನಿಂದ ಬೀಸುವ ಗಾಳಿ ಮೊದಲು ಮುಖಕ್ಕೆ, ಆಮೇಲೆ ಎದೆಗೆ ಬಡಿಯಿತು. ಕೊನೆಗೆ ಹತ್ತಲು ಏನೂ ಉಳಿಯಲಿಲ್ಲ.

ತುದಿಯಲ್ಲಿ ಅಗಲವಾದ ಒಂದು ಕಪ್ಪು ಬಂಡೆ, ಸುತ್ತ ಹುಲ್ಲು. ಅಷ್ಟೇ. ದುಗ್ಗಮ್ಮ ಬಂಡೆಯ ಮೇಲೆ ನಿಂತು ನಿಧಾನವಾಗಿ ಸುತ್ತ ತಿರುಗಿದಳು. ಬಡಗಲಿಗೆ, ಗುಡ್ಡಗಳ ಸಂದಿಯಲ್ಲಿ, ನೀರು ಹಾಸಿಕೊಂಡಿತ್ತು. ಆಕೆಯನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿದಳು, "ಅದು ಲಿಂಗನಮಕ್ಕಿ ನೀರು. ಅದರ ಆಚೆ ನಮ್ಮವ್ವನ ಮನೆ." ಮದುವೆಯಾಗಿ ಬಂದ ದಿನದಿಂದ ಆ ನೀರು ಗುಡ್ಡದ ಈ ಬೆನ್ನಿನ ಹಿಂದೆಯೇ ಇತ್ತು. ತವರಿನ ನೆನಪಾಗಿ ಕಣ್ಣೊರೆಸಿಕೊಂಡು ಸೊಪ್ಪು ಕಡಿದ ದಿನಗಳಲ್ಲೂ, ಇನ್ನಷ್ಟು ಹತ್ತಿದ್ದರೆ ಕಾಣುತ್ತಿತ್ತು. ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲ.

ತೆಂಕಲಿಗೆ ಕೊಡಚಾದ್ರಿ ನಿಂತಿತ್ತು. ಅದರ ಮೈಮೇಲೆ ಕೆಂಪು ರಸ್ತೆ, ರಸ್ತೆಯ ಮೇಲೆ ಜೀಪುಗಳು ಎಬ್ಬಿಸಿದ ಧೂಳು. ಲಿಖಿತಾ ಗಂಡನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟಳು.

"ಎಲ್ಲಿದೀಯಾ ಮಗಾ?"

"ಮೇಲೆ ಇದೀನವ್ವ, ಜೀಪ್ ಸ್ಟ್ಯಾಂಡಲ್ಲಿ. ಜನ ಅಂದ್ರೆ ಜನ, ಕಾಲಿಡಕ್ಕೆ ಜಾಗ ಇಲ್ಲ. ನೀವು ಇಳಿದ್ರಾ?"

"ನಾನೂ ಮೇಲೇ ಇದೀನಿ."

"ತುದಿಗಾ?"

"ತುದಿಗೆ. ಇಲ್ಲಿಂದ ಮೇಲೆ ಎಂತದೂ ಇಲ್ಲ. ಕೈ ಬೀಸ್ತೀನಿ, ಕಾಣ್ತದಾ ನೋಡು."

ದುಗ್ಗಮ್ಮ ಕೈ ಬೀಸಿದಳು. ಅಷ್ಟು ದೂರದಿಂದ ಕಾಣುವಂತಿರಲಿಲ್ಲ. ಫೋನಿನಲ್ಲಿ ಜೀಪಿನ ಬಾಡಿಗೆಯವರು ಯಾರೋ "ಯಾರ್ರೀ ಅಲ್ಲಿ? ಏನ್ ನೋಡ್ತಿದೀರಾ?" ಎಂದು ಕೇಳಿದ್ದು, ರಾಜೇಂದ್ರ ಗಟ್ಟಿಯಾಗಿ ಉತ್ತರ ಕೊಟ್ಟಿದ್ದು ಕೇಳಿಸಿತು. "ಆ ಎದುರು ಗುಡ್ಡ ಕಾಣ್ತದಲ್ಲ ಸಾರ್, ಅದರ ಮೇಲೆ ನಮ್ಮವ್ವ ನಿಂತಿದಾಳೆ. ಇಲ್ಲ ಸಾರ್, ಅಲ್ಲಿಗೆ ಜೀಪ್ ಹೋಗಲ್ಲ. ನಡ್ಕಂಡು ಹೋಗಿದಾಳೆ. ನಾನೂ ಹೋಗಿಲ್ಲ ಸಾರ್ ಅಲ್ಲಿಗೆ, ಯಾರೂ ಹೋಗಿಲ್ಲ."

ತೀರ್ಥಹಳ್ಳಿಯವರು ಹೋಗಿದ್ದರು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಮಗನ ದನಿಯಲ್ಲಿದ್ದ ಆ ಹೆಮ್ಮೆ ಇನ್ನೊಂದಿಷ್ಟು ಹೊತ್ತು ಇರಲಿ ಎಂದು ಬಿಟ್ಟಳು.

ಇಬ್ಬರೂ ಬನ್ನು ತಿಂದರು. ಆಮೇಲೆ ದುಗ್ಗಮ್ಮ ಬಂಡೆಯ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ, ಜ್ವರವಿಲ್ಲದೆ ಬಾಣಂತನವಿಲ್ಲದೆ, ಆಕೆ ಮೈ ಚಾಚಿದ್ದು ಅದೇ ಮೊದಲು. ಲಿಖಿತಾ ಪಕ್ಕದಲ್ಲಿ ಮಲಗಿದಳು. ಬಂಡೆ ಬೆನ್ನಿಗೆ ಬೆಚ್ಚಗಿತ್ತು. ಮೇಲೆ ಒಂದು ಗಿಡುಗ ರೆಕ್ಕೆ ಬಡಿಯದೆ ತೇಲುತ್ತಿತ್ತು. ಯಾರೂ ಊಟಕ್ಕೆ ಕೇಳಲಿಲ್ಲ. ಲಿಖಿತಾಳ ಫೋನು ಮತ್ತೆ ಕೂಗಿತು, ಮಾಸ್ತಪ್ಪನ ಹೆಸರು ಕಂಡಿತು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅದು ಕೂಗಿ ಕೂಗಿ ನಿಂತಿತು.

ಇಳಿಯುವಾಗ ಕಲ್ಲುಹಾಸಿನ ಮೇಲೆ ಹಿಡಿಕಡ್ಡಿಯ ಹೊರೆ ಹಾಗೇ ಕುಳಿತಿತ್ತು. "ಕಟ್ಟಾಗಿದೆಯಲ್ಲ ಅತ್ತೆ, ತಗಳಣಾ?" ಎಂದು ಲಿಖಿತಾ ಕೇಳಿದಳು. "ದಾರಿಹೋಕರು ಯಾರಾದ್ರೂ ಹೊತ್ಕಳ್ಲಿ," ಎಂದು ದುಗ್ಗಮ್ಮ ನಿಲ್ಲದೆ ಇಳಿದಳು.

ಊರು ಮುಟ್ಟಿದಾಗ ಸಂಜೆಯ ಹಾಲಿನ ಹೊತ್ತು. ಮನೆಗೆ ಹೋಗುವ ದಾರಿ ಹಾಲಿನ ಡೇರಿಯ ಮುಂದೆಯೇ. ಹೊರಗೆ ಕ್ಯಾನು ಹಿಡಿದ ಹತ್ತಾರು ಜನ ಸಾಲು ನಿಂತಿದ್ದರು, ಅವರಲ್ಲಿ ಮಾಸ್ತಪ್ಪನೂ ಇದ್ದ. ಅಂಗಿಯ ಮೇಲೆ ಹಾಲು ಚೆಲ್ಲಿಕೊಂಡ ಕಲೆ, ಮುಂಗೈಯಲ್ಲಿ ಸುಟ್ಟ ಗುರುತು. ಬಾಗಿಲಲ್ಲಿ ಹಾಲು ಅಳೆಯುವ ಸುಬ್ಬಪ್ಪ. ಎಲ್ಲರ ಕಣ್ಣು ಮೊದಲು ಹೋದದ್ದು ದುಗ್ಗಮ್ಮನ ತಲೆಯ ಕಡೆ, ಆಮೇಲೆ ಕೈಗಳ ಕಡೆ. ಸೀರೆಗೆಲ್ಲ ಹುಲ್ಲಿನ ಮುಳ್ಳು, ಕೆದರಿದ ಕೂದಲು, ಎರಡೂ ಕೈ ಖಾಲಿ.

"ಎಂತ ದುಗ್ಗಕ್ಕ, ಬೆಳಗಿಂದ ಅತ್ತೆ ಸೊಸೆ ಇಬ್ರೂ ಗುಡ್ಡದಲ್ಲಿ?" ಎಂದ ಸುಬ್ಬಪ್ಪ. ದನಿಯಲ್ಲಿ ಕುಟುಕಿತ್ತು.

ದುಗ್ಗಮ್ಮ ಬಾಯಿ ತೆರೆಯುವ ಮೊದಲೇ ಮಾಸ್ತಪ್ಪ ಹೇಳಿದ, "ನಮ್ದೊಂದು ದನ ತಪ್ಪಿಸ್ಕಂಡಿತ್ತು. ಹುಡುಕಕ್ಕೆ ಹೋಗಿದ್ರು."

ಅವನು ಅದನ್ನು ಹೆಂಡತಿಯ ಮರ್ಯಾದೆ ಕಾಯಲೆಂದೇ ಹೇಳಿದ್ದ. ಎಷ್ಟು ಸಲೀಸಾಗಿ ಬಂತು ಆ ಮಾತು, ಮನೆಯಲ್ಲಿ ಯಾವಾಗಲೂ ಸಿದ್ಧವಾಗಿಟ್ಟಂತೆ. ಸುಬ್ಬಪ್ಪ ತಲೆಯಾಡಿಸಿ ಮುಂದಿನ ಕ್ಯಾನಿಗೆ ಕೈ ಚಾಚಿದ. ವಿಷಯ ಅಲ್ಲಿಗೆ ಮುಗಿಯುವುದರಲ್ಲಿತ್ತು. ಮನೆಗೆ ಹೋಗಿ ಕೈಕಾಲು ತೊಳೆದು ಒಲೆ ಹಚ್ಚಿದರೆ ಈ ದಿನ ನಡೆದೇ ಇರಲಿಲ್ಲ ಎನ್ನುವ ಹಾಗಾಗುತ್ತಿತ್ತು.

"ಯಾವ ದನನೂ ತಪ್ಪಿಸ್ಕಂಡಿಲ್ಲ ಸುಬ್ಬಪ್ಪ," ಎಂದಳು ದುಗ್ಗಮ್ಮ. "ಎರಡೂ ಕೊಟ್ಟಿಗೇಲೇ ಇದಾವೆ. ನಾವು ಸುಮ್ನೆ ಹೋಗಿದ್ವಿ. ಕರಿಬರೆ ತುದಿ ತನ್ಕ."

ಸುಬ್ಬಪ್ಪ ಅಳತೆಯ ಪಾತ್ರೆ ಹಿಡಿದೇ ತಲೆಯೆತ್ತಿದ.

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಸೊಪ್ಪಿಗಲ್ಲ, ಸೌದೆಗಲ್ಲ. ನೋಡ್ಬೇಕು ಅನಿಸ್ತು, ನೋಡ್ಕಂಡು ಬಂದೆ."

ಸಾಲಿನ ಹಿಂದಿನಿಂದ ಶರಾವತಿ ಎಂಬ ಮುದುಕಿ, ಒಂದು ಕಾಲದಲ್ಲಿ ಊರಿಗೇ ದೊಡ್ಡ ಹೊರೆ ಹೊರುತ್ತಿದ್ದವಳು, ಕ್ಯಾನು ಕೆಳಗಿಟ್ಟು ಮುಂದೆ ಬಂದಳು. "ಹೌದನೇ ದುಗ್ಗಿ? ಮರ ಮುಗಿದ ಮೇಲೆ ಎಂತ ಇದೆಯೇ ಅಲ್ಲಿ?"

ದುಗ್ಗಮ್ಮ ತರಚಿದ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಗುಡ್ಡದ ಕಡೆ ತಿರುಗಿ ನಿಂತಳು. ಎಲ್ಲರೂ ಆ ಕಡೆ ನೋಡಿದರು. ಆಕೆ ಮರದ ಅಂಚಿನಿಂದ ಶುರುಮಾಡಿ, ಹುಲ್ಲು ಎಷ್ಟೆತ್ತರ, ಗಾಳಿ ಯಾವ ಕಡೆಯಿಂದ, ಬಂಡೆ ಎಷ್ಟು ಅಗಲ, ನೀರು ಎಲ್ಲಿ ಕಾಣುತ್ತದೆ ಎಂದು ಒಂದೊಂದಾಗಿ ಹೇಳುತ್ತ ಹೋದಳು. ಸುಬ್ಬಪ್ಪ ಹಾಲು ಅಳೆಯುವುದನ್ನು ಮರೆತು ಬಾಗಿಲಿನಿಂದ ಹೊರಗೆ ಬಂದ. ಮಾಸ್ತಪ್ಪ ಇನ್ನಷ್ಟು ಹತ್ತಿರ ಸರಿದು, "ಆ ನೀರು ಯಾವ ಕಡೆ ಅಂದೆ?" ಎಂದು ಕೇಳಿದ.